ಫ್ರಾಂಕ್‌ಫರ್ಟ್‌–ಮಿಲಾನ್, 518 ಕಿಲೋಮೀಟರ್, 1 ತಾಸು 9 ನಿಮಿಷ: ಬೆಳಗಾವಿಯ ಒಂದು ಪ್ರವಾಸ ಕಚೇರಿಯ ಸೇವೆ ನನಗೆ ಕಂಡ ಬಗೆ

ಉದ್ಯಮಬಾಗದಲ್ಲಿ ಹೈಡ್ರಾಲಿಕ್ ವಾಲ್ವ್ ಬಾಡಿಗಳನ್ನು ಮಶಿನಿಂಗ್ ಮಾಡಿಕೊಡುವ ಸಣ್ಣ ಘಟಕವೊಂದನ್ನು ನಾನು ನಡೆಸುತ್ತೇನೆ. ಫ್ರಾಂಕ್‌ಫರ್ಟ್ ಬಳಿಯ ಒಬ್ಬ ಗಿರಾಕಿಯನ್ನು ಕಾಣುವುದು, ಅಲ್ಲಿಂದ ಮಿಲಾನ್‌ಗೆ ಹೋಗಿ ಯಂತ್ರೋಪಕರಣಗಳ ಮೇಳ ನೋಡುವುದು, ಪ್ಯಾರಿಸ್‌ನಲ್ಲಿ ಎರಡು ದಿನ ಇದ್ದು ಮರಳುವುದು, ಹೀಗೊಂದು ಹತ್ತು ದಿನಗಳ ಪ್ರವಾಸಕ್ಕೆ ಅಕ್ಟೋಬರ್ ತಿಂಗಳಲ್ಲಿ ನಾನೂ ನನ್ನ ಅಕ್ಕನ ಮಗನೂ ಹೊರಟಿದ್ದೆವು. ವೀಸಾ, ಟಿಕೆಟ್, ವಸತಿ ಎಲ್ಲವನ್ನೂ ನಗರದ ಒಂದು ಪ್ರವಾಸ ಕಚೇರಿಗೆ ಒಪ್ಪಿಸಿದ್ದೆವು. ಅವರ ಕೆಲಸದಲ್ಲಿ ಮೆಚ್ಚತಕ್ಕದ್ದೂ ಇದೆ, ದೂರತಕ್ಕದ್ದೂ ಇದೆ. ಆದ್ದರಿಂದ ಕಚೇರಿಯ ಹೆಸರು ಬರೆಯದೆ, ಸೇವೆ ಹೇಗಿತ್ತು ಎಂಬುದನ್ನಷ್ಟೇ ಬರೆಯುತ್ತೇನೆ. ಯುರೋಪಿನ ಒಳಗೆ ಒಂದು ಊರಿನಿಂದ ಇನ್ನೊಂದು ಊರಿಗೆ ವಿಮಾನದಲ್ಲಿ ಹೋಗಬೇಕಾದವರಿಗೆ, ಅದರಲ್ಲೂ ಮೊದಲ ಸಲ ಹೋಗುವವರಿಗೆ, ಇದರಿಂದ ಉಪಯೋಗವಾದೀತು.

ವೀಸಾದ ಕೆಲಸ ಅಚ್ಚುಕಟ್ಟಾಗಿತ್ತು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಇರಬೇಕು, ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೇವೆಯೋ ಆ ದೇಶಕ್ಕೇ ಅರ್ಜಿ ಹಾಕಬೇಕು, ಪ್ರತಿ ದಿನ ಎಲ್ಲಿರುತ್ತೇವೆ ಎಂಬ ಪಟ್ಟಿ ಕೊಡಬೇಕು ಎಂಬುದನ್ನೆಲ್ಲ ಅವರು ತಾಳ್ಮೆಯಿಂದ ತಿಳಿಸಿ, ಕಾಗದಪತ್ರಗಳನ್ನು ಒಂದೂ ಹಿಂದಿರುಗಿ ಬಾರದಂತೆ ಜೋಡಿಸಿಕೊಟ್ಟರು. ತೊಂದರೆ ಇದ್ದದ್ದು ಆ ದಿನವಹಿ ಪಟ್ಟಿಯ ಜೊತೆಗೆ ಕೊಟ್ಟ ಇನ್ನೊಂದು ಹಾಳೆಯಲ್ಲಿ. ಊರು, ದೂರ, ವಿಮಾನದ ಅವಧಿ ಎಂದು ಅಂಕಣ ಹಾಕಿದ್ದ ಆ ಹಾಳೆಯಲ್ಲಿ ಫ್ರಾಂಕ್‌ಫರ್ಟ್‌ನಿಂದ ಮಿಲಾನ್‌ಗೆ 518 ಕಿಲೋಮೀಟರ್, 1 ತಾಸು 9 ನಿಮಿಷ. ಮಿಲಾನ್‌ನಿಂದ ಪ್ಯಾರಿಸ್‌ಗೆ 640 ಕಿಲೋಮೀಟರ್, 1 ತಾಸು 18 ನಿಮಿಷ. ಪ್ಯಾರಿಸ್‌ನಿಂದ ಫ್ರಾಂಕ್‌ಫರ್ಟ್‌ಗೆ 478 ಕಿಲೋಮೀಟರ್, 1 ತಾಸು 6 ನಿಮಿಷ ಎಂದು ಬರೆದಿತ್ತು. ಇಷ್ಟು ಕರಾರುವಾಕ್ಕಾದ ನಿಮಿಷಗಳನ್ನು ಕಂಡು ಮೊದಲು ನನಗೆ ಗೌರವವೇ ಮೂಡಿತು.

ಕಚೇರಿಯ ಹುಡುಗ ಚಹಾ ತರಿಸಿ, ಹಾಳೆಯ ಮೇಲೆ ಬೆರಳಿಟ್ಟು, “ಏನೂ ಕಾಳಜಿ ಮಾಡಬ್ಯಾಡ್ರಿ ಕಾಕಾ, ನಮ್ಮ ಸಾಂಬ್ರಾದಿಂದ ಬೆಂಗಳೂರಿಗೆ ಹ್ವಾದಂಗ ಐತಿ, ಒಂದ್ ತಾಸಿನ ಹಾದಿ” ಎಂದ. ಸಾಂಬ್ರಾ ಎಂದರೆ ಬೆಳಗಾವಿಯ ವಿಮಾನ ನಿಲ್ದಾಣ. ಹೋಲಿಕೆ ತಪ್ಪೇನಲ್ಲ. ಬೆಳಗಾವಿಯಿಂದ ಬೆಂಗಳೂರಿಗೆ ನೇರ ರೇಖೆ ಎಳೆದರೆ ಸುಮಾರು 460 ಕಿಲೋಮೀಟರ್ ಆಗುತ್ತದೆ. ಹೆದ್ದಾರಿಯಲ್ಲಿ ಅದೇ ಸುಮಾರು 500, ರೈಲಿನಲ್ಲಿ ಹುಬ್ಬಳ್ಳಿಯನ್ನು ಹಾಯ್ದು ಹೋಗುವುದರಿಂದ ಸುಮಾರು 610. ಆದರೆ ಸಾಂಬ್ರಾದಿಂದ ಎಟಿಆರ್‌ನಂಥ ಫ್ಯಾನಿನ ವಿಮಾನ ಹತ್ತಿದವರಿಗೆ ಗೊತ್ತಿರುತ್ತದೆ, ಅದು ಗಂಟೆಗೆ 500 ಕಿಲೋಮೀಟರಿನ ಆಸುಪಾಸಿನಲ್ಲಿ ಸಾಗುತ್ತದೆ, ಜೆಟ್ ಅದಕ್ಕಿಂತ ಬಹಳ ಬೇಗ ಹೋಗುತ್ತದೆ. ದೂರವೊಂದೇ ಆದರೂ ಅವಧಿ ಒಂದೇ ಆಗುವುದಿಲ್ಲ ಎಂಬ ಸಣ್ಣ ಅನುಮಾನ ನನ್ನಲ್ಲಿ ಆಗಲೇ ಹುಟ್ಟಿತ್ತು. ಚಹಾ ಕುಡಿದು ಎದ್ದು ಬಂದದ್ದು ನನ್ನ ತಪ್ಪು.

ಆ ನಿಮಿಷಗಳು ಎಲ್ಲಿಂದ ಬಂದವು ಎಂಬುದನ್ನು ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗುವ ವಿಮಾನದಲ್ಲಿ ನಿದ್ದೆ ಬಾರದೆ ಕೂತಾಗ ಲೆಕ್ಕ ಹಾಕಿದೆ. 518ನ್ನು 800ರಿಂದ ಭಾಗಿಸಿದರೆ ತಾಸಿನ 0.6475 ಪಾಲು, ಅಂದರೆ 39 ನಿಮಿಷ. ಅದಕ್ಕೆ 30 ನಿಮಿಷ ಕೂಡಿಸಿದರೆ 1 ತಾಸು 9 ನಿಮಿಷ. 640ಕ್ಕೆ ಹಾಗೆಯೇ ಮಾಡಿದರೆ 48 ನಿಮಿಷದ ಮೇಲೆ 30, ಒಟ್ಟು 1 ತಾಸು 18 ನಿಮಿಷ. 478ಕ್ಕೆ 36ರ ಮೇಲೆ 30, ಅಂದರೆ 1 ತಾಸು 6 ನಿಮಿಷ. ಮೂರೂ ಸಾಲು ಕೂದಲಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂಡಿಬಂದವು. ವಿಮಾನ ಗಂಟೆಗೆ 800 ಕಿಲೋಮೀಟರ್ ಸಾಗುತ್ತದೆ, ಏರಲು ಇಳಿಯಲು ಅರ್ಧ ತಾಸು ಬೇಕು ಎಂಬ ಒಂದೇ ಸೂತ್ರವನ್ನು ಎಲ್ಲ ಊರುಗಳಿಗೂ ಹಚ್ಚಿದ್ದರು. ಯಾವ ವಿಮಾನ ಸಂಸ್ಥೆಯ ವೇಳಾಪಟ್ಟಿಯನ್ನೂ ಯಾರೂ ತೆರೆದು ನೋಡಿರಲಿಲ್ಲ. ಕೊಟೇಶನ್ ಬರೆಯುವಾಗ ನಾವೂ ಮಶಿನಿಂಗ್ ಸಮಯವನ್ನು ಹೀಗೆಯೇ ಅಂದಾಜು ಹಾಕುತ್ತೇವೆ. ಆದರೆ ಆ ಅಂದಾಜನ್ನೇ ಡೆಲಿವರಿ ತಾರೀಖು ಎಂದು ಗಿರಾಕಿಗೆ ಬರೆದುಕೊಡುವುದಿಲ್ಲ.

ದೂರದ ಅಂಕಿಗಳ ಬಗ್ಗೆ ನನ್ನ ತಕರಾರಿಲ್ಲ. ಗೋಲದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ಅದು ಕೂರುವ ಹಾದಿಯೇ ಅತಿ ಹತ್ತಿರದ ಹಾದಿ. ಆ ದಾರದ ಉದ್ದವನ್ನು ಅಕ್ಷಾಂಶ ರೇಖಾಂಶಗಳಿಂದ ಲೆಕ್ಕ ಹಾಕುವುದು ಹಳೆಯ, ನಂಬತಕ್ಕ ವಿಧಾನ. ಆದರೆ ಹಾಳೆಯಲ್ಲಿ “ಮೈಲು” ಎಂಬ ಇನ್ನೊಂದು ಅಂಕಣವಿದ್ದು, ಅಲ್ಲಿ ಫ್ರಾಂಕ್‌ಫರ್ಟ್–ಮಿಲಾನ್‌ಗೆ 280 ಎಂದಿತ್ತು. ಸಾಮಾನ್ಯ ಮೈಲಿನ ಲೆಕ್ಕದಲ್ಲಿ 280 ಎಂದರೆ 450 ಕಿಲೋಮೀಟರ್ ಆಗುತ್ತದೆ, 518 ಆಗುವುದಿಲ್ಲ. ಹಡಗು ವಿಮಾನಗಳಿಗೆ ಬಳಸುವ ನಾಟಿಕಲ್ ಮೈಲು 1.852 ಕಿಲೋಮೀಟರ್ ಉದ್ದ. 280ನ್ನು ಅದರಿಂದ ಗುಣಿಸಿದರೆ 518 ಸರಿಯಾಗಿ ಬರುತ್ತದೆ. ಅಂಕಿ ಸರಿಯಿದೆ, ಅಂಕಣದ ಹೆಸರು ತಪ್ಪಿದೆ. ಡ್ರಾಯಿಂಗ್‌ನಲ್ಲಿ ಮಿಲಿಮೀಟರ್ ಇದ್ದಲ್ಲಿ ಇಂಚು ಎಂದು ಬರೆದು ಕಳಿಸಿದರೆ ನಮ್ಮಲ್ಲಿ ಆ ಇಡೀ ಲಾಟ್ ಗುಜರಿಗೆ ಹೋಗುತ್ತದೆ.

ಈಗ ಮುಖ್ಯ ದೂರಿಗೆ ಬರುತ್ತೇನೆ. ಫ್ರಾಂಕ್‌ಫರ್ಟ್‌ನಲ್ಲಿ ಎರಡು ದಿನ ಕೆಲಸ ಮುಗಿಸಿ, ಮಿಲಾನ್‌ಗೆ ಹೊರಡುವ ಹಿಂದಿನ ರಾತ್ರಿ, ವಿಮಾನ ನಿಲ್ದಾಣಕ್ಕೆ ಯಾವ ಲೋಕಲ್ ರೈಲು ಹಿಡಿಯಬೇಕೆಂದು ನೋಡಲು ಹೋದ ಅಳಿಯ ಫೋನಿನಿಂದ ತಲೆಯೆತ್ತಿ, “ಮಾಮಾ, ನಮ್ಮ ಟಿಕೆಟ್ ಈ ಫ್ರಾಂಕ್‌ಫರ್ಟ್‌ದ್ದಲ್ಲ. ಇದು ಹಾನ್ ಅಂತ ಐತಿ. ಇಲ್ಲಿಂದ 120 ಕಿಲೋಮೀಟರ್” ಎಂದ. ಫ್ರಾಂಕ್‌ಫರ್ಟ್‌ನ ದೊಡ್ಡ ವಿಮಾನ ನಿಲ್ದಾಣ ನಗರದ ನಡುವಿನಿಂದ ಹನ್ನೆರಡು ಕಿಲೋಮೀಟರಿನಷ್ಟು ದೂರದಲ್ಲಿದ್ದು, ಲೋಕಲ್ ರೈಲಿನಲ್ಲಿ ಕಾಲು ತಾಸಿನೊಳಗೆ ತಲುಪಬಹುದು. ಹಾನ್ ಎಂಬುದು ಬೇರೆಯೇ ನಿಲ್ದಾಣ. ಹಿಂದೆ ಅಮೆರಿಕದ ವಾಯುಸೇನೆಯ ನೆಲೆಯಾಗಿದ್ದು, ಆಮೇಲೆ ಅಗ್ಗದ ವಿಮಾನಗಳಿಗೆ ತೆರೆದುಕೊಂಡಿತು. ಹೆಸರಿನಲ್ಲಿ ಮಾತ್ರ ಫ್ರಾಂಕ್‌ಫರ್ಟ್ ಇದೆ. ಬೆಳಗಾವಿಗೆಂದು ಟಿಕೆಟ್ ಕೊಟ್ಟು ಹುಬ್ಬಳ್ಳಿಯಲ್ಲಿ ಇಳಿಸಿದರೆ ಹೇಗೋ ಹಾಗೆ ಇದು. ಹುಬ್ಬಳ್ಳಿಯಾದರೂ ನಮಗೆ ಇದಕ್ಕಿಂತ ಹತ್ತಿರ.

ಇಳಿಯುವ ಕಡೆಯೂ ಅದೇ ಕಥೆ. ಮಿಲಾನ್‌ಗೆ ಮೂರು ವಿಮಾನ ನಿಲ್ದಾಣಗಳಿವೆ. ಲಿನಾಟೆ ನಗರಕ್ಕೆ ಅಂಟಿಕೊಂಡಂತೆ ಏಳೆಂಟು ಕಿಲೋಮೀಟರಿನಲ್ಲಿದ್ದು, 2022ರಿಂದ ಅಲ್ಲಿಗೆ ಮೆಟ್ರೊ ಬಂದಿದೆ, 2024ರ ಅಕ್ಟೋಬರಿನಲ್ಲಿ ಆ ಮಾರ್ಗ ನಗರದ ಇನ್ನೊಂದು ತುದಿಯವರೆಗೂ ಪೂರ್ಣವಾಯಿತು. ಮಾಲ್ಪೆನ್ಸಾ ಸುಮಾರು 50 ಕಿಲೋಮೀಟರ್ ದೂರ, ಆದರೆ ನೇರ ರೈಲಿದೆ. ಬೆರ್ಗಾಮೊ ನಿಲ್ದಾಣವೂ ಹೆಚ್ಚುಕಡಿಮೆ ಅಷ್ಟೇ ದೂರ, ಬಸ್ಸಿನಲ್ಲಿ ಹೋಗಬೇಕು. ನಮ್ಮ ಟಿಕೆಟ್ ಇದ್ದದ್ದು ಬೆರ್ಗಾಮೊಗೆ. ಗೋವಾ ಎಂದರೆ ಮೋಪಾವೋ ದಾಬೋಳಿಯೋ ಎಂದು ಬೆಳಗಾವಿಯ ಸಣ್ಣ ಹುಡುಗರೂ ಕೇಳುತ್ತಾರೆ; ಮಿಲಾನ್ ಎಂದಾಗ ಆ ಪ್ರಶ್ನೆ ನಮ್ಮ ಕಚೇರಿಯವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕಚೇರಿಗೆ ಫೋನ್ ಹಚ್ಚೋಣವೆಂದರೆ ಊರಿನಲ್ಲಿ ನಡುರಾತ್ರಿ ಮೀರಿತ್ತು.

ಆ ದಿನದ ಲೆಕ್ಕವನ್ನು ನನ್ನ ಡೈರಿಯಿಂದ ಹಾಗೆಯೇ ಕೊಡುತ್ತೇನೆ. ಮುಂಜಾನೆ 9ಕ್ಕೆ ಹೋಟೆಲ್ ಬಿಟ್ಟೆವು. ಒಂಬತ್ತೂವರೆಯ ಬಸ್ಸು ಹಿಡಿದು ಹಾನ್ ಮುಟ್ಟಿದಾಗ ಹನ್ನೊಂದೂ ಕಾಲು. ತಪಾಸಣೆಯಲ್ಲಿ ನನ್ನ ಕೈಚೀಲವನ್ನು ಬದಿಗೆ ಎಳೆದರು. ಗಿರಾಕಿ ತಿದ್ದುಪಡಿ ಹೇಳಿ ಮರಳಿಸಿದ್ದ, ನಾಲ್ಕು ಕಿಲೋ ತೂಕದ ಬೀಡುಕಬ್ಬಿಣದ ವಾಲ್ವ್ ಬಾಡಿ ಅದರಲ್ಲಿತ್ತು. ತೂತುಗಳಲ್ಲಿ ಇನ್ನೂ ಎಣ್ಣೆಯ ಜಿಡ್ಡು ಇದ್ದುದರಿಂದ ಅಲ್ಲಿಯ ಹೆಣ್ಣುಮಗಳು ಬಟ್ಟೆಯ ತುಂಡಿನಿಂದ ಒಂದೊಂದು ತೂತನ್ನೂ ಒರೆಸಿ ಯಂತ್ರಕ್ಕೆ ಹಿಡಿದು ನೋಡಿದಳು, ನಂತರ ಅದರ ಥ್ರೆಡ್ಡಿನ ಮೇಲೆ ಬೆರಳಾಡಿಸಿ “ಗುಟ್” ಎಂದು ಮರಳಿ ಕೊಟ್ಟಳು. ಅದರ ಪಕ್ಕದಲ್ಲಿದ್ದ ಕುಂದಾದ ಡಬ್ಬಿಯನ್ನು ಯಾರೂ ಕೇಳಲಿಲ್ಲ. ಆದರೆ ಗೇಟಿನಲ್ಲಿ ಆ ಚೀಲ ಸೀಟಿನ ಕೆಳಗೆ ಹಿಡಿಸುವಷ್ಟು ಸಣ್ಣದಲ್ಲವೆಂದು ಪ್ರತ್ಯೇಕ ಹಣ ಕಟ್ಟಿಸಿಕೊಂಡರು. ನಮ್ಮ ಟಿಕೆಟಿನ ದರದಲ್ಲಿ ಸಣ್ಣ ಚೀಲವೊಂದಕ್ಕೆ ಮಾತ್ರ ಅವಕಾಶವಿತ್ತು, ಇದನ್ನೂ ಬೆಳಗಾವಿಯಲ್ಲಿ ಯಾರೂ ಹೇಳಿರಲಿಲ್ಲ. ವಿಮಾನ ಮಧ್ಯಾಹ್ನ ಒಂದೂವರೆಗೆ ಬಿಟ್ಟು ಎರಡೂ ಮುಕ್ಕಾಲಿಗೆ ನಿಂತಿತು. ಬಸ್ಸಿಗೆ ಕಾದು, ಮಿಲಾನ್‌ನ ಮುಖ್ಯ ರೈಲು ನಿಲ್ದಾಣದ ಎದುರು ಇಳಿದಾಗ ನಾಲ್ಕೂವರೆ. ಹೋಟೆಲ್ ಕೋಣೆಯ ಬಾಗಿಲು ತೆರೆದಾಗ ಸಂಜೆ 5.

ಎಂಟು ತಾಸು. 518 ಕಿಲೋಮೀಟರನ್ನು ಎಂಟರಿಂದ ಭಾಗಿಸಿದರೆ ಗಂಟೆಗೆ 65 ಕಿಲೋಮೀಟರ್, ನಮ್ಮ ಬೆಂಗಳೂರು ಸ್ಲೀಪರ್ ಬಸ್ಸಿಗಿಂತ ತುಸು ಹೆಚ್ಚು. ಫ್ರಾಂಕ್‌ಫರ್ಟ್‌ನಿಂದ ಮಿಲಾನ್‌ಗೆ ನೇರ ರೈಲು 2017ರ ಡಿಸೆಂಬರಿನಿಂದ ಓಡುತ್ತಿದ್ದು, ಸ್ವಿಟ್ಜರ್ಲೆಂಡನ್ನು ಹಾಯ್ದು ಹೋಗುವ ಅದೂ ಸುಮಾರು ಎಂಟು ತಾಸನ್ನೇ ತೆಗೆದುಕೊಳ್ಳುತ್ತದೆ. ಆಲ್ಪ್ಸ್ ಪರ್ವತದ ಬುಡದಲ್ಲಿ ಕೊರೆದು 2016ರಲ್ಲಿ ತೆರೆದ ಗೊಟ್ಟಾರ್ಡ್ ಸುರಂಗದ ಉದ್ದವೇ 57 ಕಿಲೋಮೀಟರ್. ಊರ ನಡುವೆ ಹತ್ತಿ ಊರ ನಡುವೆ ಇಳಿಯುವ, ಚೀಲ ತೂಗದ ಆ ರೈಲಿನ ವಿಷಯವನ್ನು ಪ್ರವಾಸ ಕಚೇರಿಯವರು ಒಂದು ಮಾತಿನಲ್ಲಿ ತಿಳಿಸಿದ್ದರೂ ಸಾಕಿತ್ತು. ದೊಡ್ಡ ಫ್ರಾಂಕ್‌ಫರ್ಟ್‌ನಿಂದ ಲಿನಾಟೆಗೆ ಹೋಗಿದ್ದರೆ ಬಾಗಿಲಿನಿಂದ ಬಾಗಿಲಿಗೆ ನಾಲ್ಕೂವರೆ ತಾಸಿನಲ್ಲಿ ಮುಗಿಯುತ್ತಿತ್ತು ಎಂಬುದು ನನ್ನ ಅಂದಾಜು. ಟಿಕೆಟ್ ಒಂದಿಷ್ಟು ತುಟ್ಟಿಯಾಗುತ್ತಿತ್ತು, ನಿಜ. ಆದರೆ ಎರಡು ಬಸ್ಸಿನ ಬಾಡಿಗೆ, ಚೀಲದ ದಂಡ ಇವನ್ನೆಲ್ಲ ಕೂಡಿಸಿದರೆ ಉಳಿದದ್ದು ಬಹಳವಿಲ್ಲ, ಮೇಳದ ಅರ್ಧ ದಿನವಂತೂ ಹೋಯಿತು.

ಹಾಳೆಯ ಅವಧಿಗೂ ನಿಜದ ಹಾರಾಟಕ್ಕೂ ಅಂತರ ಕೇವಲ ಆರು ನಿಮಿಷವೆಂದು ಯಾರಾದರೂ ಹೇಳಬಹುದು, ಅದು ಒಪ್ಪತಕ್ಕ ಮಾತು. ಆದರೂ ಇಷ್ಟು ಗಿಡ್ಡ ಹಾದಿಯಲ್ಲಿ ವಿಮಾನದ ವೇಗ ಎಲ್ಲಿ ಹೋಗುತ್ತದೆ ಎಂಬುದು ತಿಳಿದಿರಬೇಕು. ವಿಮಾನ ಸಂಸ್ಥೆಗಳು ಪ್ರಕಟಿಸುವ ಅವಧಿಗೆ ಬ್ಲಾಕ್ ಟೈಮ್ ಎನ್ನುತ್ತಾರೆ. ನಿಂತ ಜಾಗದಿಂದ ವಿಮಾನ ಅಲುಗಾಡಿದ ಕ್ಷಣದಿಂದ, ಇಳಿದ ಊರಿನಲ್ಲಿ ಮತ್ತೆ ನಿಂತ ಕ್ಷಣದವರೆಗಿನ ಲೆಕ್ಕ ಅದು. ನೆಲದ ಮೇಲೆ ಉರುಳುವುದು, ಸರತಿಗೆ ಕಾಯುವುದು ಎಲ್ಲ ಅದರೊಳಗೆ ಬರುತ್ತವೆ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿಲೋಮೀಟರಿನ ಮಿತಿಯೊಳಗೆ ಹಾರಬೇಕು. ಏರಲು ಇಪ್ಪತ್ತು ನಿಮಿಷ, ಇಳಿಯಲು ಇಪ್ಪತ್ತು ಇಪ್ಪತ್ತೈದು ನಿಮಿಷ ಹೋದರೆ, ಮೇಲೆ ಪೂರ್ತಿ ವೇಗದಲ್ಲಿ ಸಾಗಲು ಉಳಿಯುವುದು ಅಷ್ಟೇ ಸಮಯ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 7,400 ಕಿಲೋಮೀಟರನ್ನು ನಮ್ಮ ವಿಮಾನ ಒಂಬತ್ತೂ ಮುಕ್ಕಾಲು ತಾಸಿನಲ್ಲಿ ಕ್ರಮಿಸಿತು, ಸರಾಸರಿ ಗಂಟೆಗೆ 760 ಕಿಲೋಮೀಟರ್. ಹಾನ್‌ನಿಂದ ಬೆರ್ಗಾಮೊಗೆ ಸುಮಾರು 510 ಕಿಲೋಮೀಟರನ್ನು ಒಂದೂ ಕಾಲು ತಾಸಿನಲ್ಲಿ ಕ್ರಮಿಸಿದ್ದರ ಸರಾಸರಿ 408. ಕಿಟಕಿಯಿಂದ ಆಲ್ಪ್ಸ್‌ನ ಹಿಮ ಕಂಡಿತು, ಅಳಿಯ ನಾಲ್ಕು ಫೋಟೊ ತೆಗೆದ, ಅಷ್ಟರಲ್ಲಿ ಕಿವಿ ಗುಯ್ಯೆನ್ನತೊಡಗಿತ್ತು.

ಸೂತ್ರಕ್ಕೆ ಗಾಳಿಯೂ ಗೊತ್ತಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ ಮರಳುವಾಗ ಬೆನ್ನಿಗಿರುವುದರಿಂದ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಬರುವಾಗ ನಮಗೆ ಮುಕ್ಕಾಲು ತಾಸಿನಷ್ಟು ಉಳಿಯಿತು. ಹಾಳೆಯಲ್ಲಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ಅಂಕಿ ಇತ್ತು. ಉತ್ತರದಿಂದ ದಕ್ಷಿಣಕ್ಕಿರುವ ಮಿಲಾನ್ ಹಾದಿಯಲ್ಲಿ ಇದರಿಂದ ದೊಡ್ಡ ಫರಕು ಬೀಳುವುದಿಲ್ಲವಾದ್ದರಿಂದ ಇದನ್ನು ಬೆಳೆಸುವುದಿಲ್ಲ.

ಆದರೆ ವೇಳೆಯ ವ್ಯತ್ಯಾಸದ ತಪ್ಪು ನನ್ನನ್ನು ನಿಜವಾಗಿ ನೋಯಿಸಿತು. ಜರ್ಮನಿ, ಇಟಲಿ, ಫ್ರಾನ್ಸ್ ಮೂರರಲ್ಲೂ ಒಂದೇ ಗಡಿಯಾರವಿದೆ; ಭಾರತಕ್ಕಿಂತ ಚಳಿಗಾಲದಲ್ಲಿ ನಾಲ್ಕೂವರೆ ತಾಸು ಹಿಂದೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಮೂರೂವರೆ ತಾಸು ಹಿಂದೆ. ನಾವು ಇದ್ದದ್ದು ಆ ಭಾನುವಾರಕ್ಕಿಂತ ಮೊದಲು. ಹಾಳೆಯಲ್ಲಿ ಮಾತ್ರ “4.30” ಎಂದು ದಪ್ಪಕ್ಷರದಲ್ಲಿತ್ತು. ದಿನದ ಕೆಲಸ ಮುಗಿಸಿ ಸಂಜೆ ಆರಕ್ಕೆ ಕೂತಾಗ, ಊರಲ್ಲಿ ಹತ್ತೂವರೆಯಾಗಿದೆ, ಅವ್ವ ಮಲಗಿರುತ್ತಾಳೆ ಎಂದುಕೊಂಡು ಮೂರು ದಿನ ಫೋನನ್ನೇ ಮಾಡಲಿಲ್ಲ. ಒಂಬತ್ತೂವರೆಗೆ ಅವಳು ಟಿವಿಯ ಮುಂದೆ ಕೂತಿರುತ್ತಾಳೆ. ನಾಲ್ಕನೆಯ ದಿನ ಅವಳೇ ಮೊಮ್ಮಗನ ಫೋನಿಗೆ ಕರೆ ಮಾಡಿಸಿ, “ಯಾಕೋ ತಮ್ಮಾ, ದೇಶಾ ಬಿಟ್ಟಿ ಅಂತ ಅವ್ವನ್ನೂ ಬಿಟ್ಟೇನು?” ಎಂದಳು.

ಕಚೇರಿಯ ಪರವಾಗಿ ಹೇಳಬೇಕಾದ ಒಂದು ದೊಡ್ಡ ಮಾತಿದೆ. ಮಿಲಾನ್‌ನಿಂದ ಪ್ಯಾರಿಸ್‌ಗೆ ಮಾಲ್ಪೆನ್ಸಾದಿಂದ ಹೋಗಬೇಕಿದ್ದ ವಿಮಾನ ತಾಂತ್ರಿಕ ದೋಷದಿಂದ ತಡವಾಗಿ, ನಾವು ಮೂರು ತಾಸು ಇಪ್ಪತ್ತು ನಿಮಿಷ ವಿಳಂಬವಾಗಿ ಇಳಿದೆವು. ಊರಿಗೆ ಬಂದು ಇದನ್ನು ಹೇಳಿದಾಗ, ಕಚೇರಿಯಲ್ಲಿ ಟಿಕೆಟ್ ನೋಡಿಕೊಳ್ಳುವ ಹೆಣ್ಣುಮಗಳು ತಕ್ಷಣ ಬೋರ್ಡಿಂಗ್ ಪಾಸ್ ಕೇಳಿದಳು. ಯುರೋಪಿಯನ್ ಒಕ್ಕೂಟದ 2004ರ 261ನೆಯ ನಿಯಮದ ಪ್ರಕಾರ, ಸಂಸ್ಥೆಯ ಕೈಮೀರಿದ ಅಸಾಧಾರಣ ಕಾರಣವಿಲ್ಲದೆ ಮೂರು ತಾಸು ಅಥವಾ ಹೆಚ್ಚು ತಡವಾಗಿ ತಲುಪಿಸಿದರೆ ಪ್ರಯಾಣಿಕನಿಗೆ ಪರಿಹಾರ ಕೊಡಬೇಕು. 1,500 ಕಿಲೋಮೀಟರಿನವರೆಗಿನ ಹಾದಿಗೆ 250 ಯೂರೋ, ಅದಕ್ಕಿಂತ ಉದ್ದವಾದರೆ ಇನ್ನೂ ಹೆಚ್ಚು. ಅಲ್ಲಿಂದ ಹೊರಡುವ ವಿಮಾನದಲ್ಲಿ ಕೂತವನು ಯಾವ ದೇಶದವನೆಂದು ಕೇಳುವುದಿಲ್ಲ. ಇಲ್ಲಿ ದೂರವನ್ನು ಅಳೆಯುವುದು ಅದೇ ಗೋಲದ ಮೇಲಿನ ದಾರದ ವಿಧಾನದಿಂದ, ನಿಯಮದಲ್ಲಿಯೇ ಹಾಗೆಂದು ಬರೆದಿದೆ. ನಡುವೆ ವಿಮಾನ ಬದಲಿಸಿದವರ ಲೆಕ್ಕ ಹೇಗೆ ಎಂಬ ಪ್ರಶ್ನೆಯನ್ನು 2017ರಲ್ಲಿ ಒಕ್ಕೂಟದ ನ್ಯಾಯಾಲಯ ತೀರ್ಮಾನಿಸಿತು. ರೋಮ್‌ನಿಂದ ಬ್ರಸೆಲ್ಸ್ ಮೂಲಕ ಹ್ಯಾಂಬರ್ಗ್‌ಗೆ ಹೋದವರು ಹಾರಿದ್ದು 1,656 ಕಿಲೋಮೀಟರ್, ರೋಮ್–ಹ್ಯಾಂಬರ್ಗ್ ನೇರ ದೂರ 1,326. ನೇರ ದೂರವನ್ನೇ ಹಿಡಿಯಬೇಕೆಂದು ತೀರ್ಪು ಬಂದುದರಿಂದ ಅವರಿಗೆ ಸಿಕ್ಕುವುದು 250 ಯೂರೋ ಮಾತ್ರ ಎಂದಾಯಿತು. ನಮ್ಮದರಲ್ಲಿ ಈ ಗೊಂದಲವಿರಲಿಲ್ಲ. ಅವಳು ಅರ್ಜಿ ಬರೆದು, ಎರಡು ಸಲ ನೆನಪಿಸಿ, ಎರಡು ತಿಂಗಳಲ್ಲಿ ಇಬ್ಬರ 500 ಯೂರೋವನ್ನು ನಮ್ಮ ಖಾತೆಗೆ ತರಿಸಿಕೊಟ್ಟಳು, ಅದಕ್ಕೆ ಬೇರೆ ಹಣ ಕೇಳಲಿಲ್ಲ. ಅವಳು ಹಾಳೆಯನ್ನೂ ಬರೆದಿದ್ದರೆ ಈ ವಿಮರ್ಶೆ ಎರಡು ಪ್ಯಾರಾದಲ್ಲಿ ಮುಗಿಯುತ್ತಿತ್ತು.

ಪ್ಯಾರಿಸ್–ಫ್ರಾಂಕ್‌ಫರ್ಟ್ ಟಿಕೆಟನ್ನು ಮೊದಲೇ ತೆಗೆದಿರಲಿಲ್ಲ. ಹಾಳೆ 1 ತಾಸು 6 ನಿಮಿಷದ ವಿಮಾನ ಎಂದಿತ್ತು. ನಾವು ಪ್ಯಾರಿಸ್‌ನ ಪೂರ್ವ ನಿಲ್ದಾಣದಲ್ಲಿ ವೇಗದ ರೈಲು ಹತ್ತಿ ಸುಮಾರು ನಾಲ್ಕು ತಾಸಿನಲ್ಲಿ ಫ್ರಾಂಕ್‌ಫರ್ಟ್‌ನ ನಡುವೆ ಇಳಿದೆವು. ವಾಲ್ವ್ ಬಾಡಿ ಕಾಲ ಬಳಿಯೇ ಇತ್ತು, ಯಾರೂ ಒರೆಸಿ ನೋಡಲಿಲ್ಲ.

ಹಾಗಾದರೆ ಈ ಕಚೇರಿಗೆ ಹೋಗಬಹುದೇ ಎಂದರೆ, ವೀಸಾಕ್ಕೆ, ಭಾರತದಿಂದ ಹೋಗಿಬರುವ ಟಿಕೆಟಿಗೆ, ತಕರಾರಿನ ಅರ್ಜಿಗೆ ಹೋಗಬಹುದು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಯುರೋಪಿನ ಒಳಗಿನ ಹಾದಿಯ ಯೋಜನೆಗೆ ಎರಡೇ. ಟಿಕೆಟ್ ಕೈಗೆ ಬಂದಾಗ ಊರಿನ ಹೆಸರಿನ ಪಕ್ಕದ ಮೂರಕ್ಷರದ ಸಂಕೇತವನ್ನು ಓದಿಕೊಳ್ಳಿ: ಫ್ರಾಂಕ್‌ಫರ್ಟ್‌ನ ಮುಖ್ಯ ನಿಲ್ದಾಣಕ್ಕೆ ಎಫ್‌ಆರ್‌ಎ, ಹಾನ್‌ಗೆ ಎಚ್‌ಎಚ್‌ಎನ್; ಮಾಲ್ಪೆನ್ಸಾಕ್ಕೆ ಎಮ್‌ಎಕ್ಸ್‌ಪಿ, ಲಿನಾಟೆಗೆ ಎಲ್‌ಐಎನ್, ಬೆರ್ಗಾಮೊಗೆ ಬಿಜಿವೈ. ನಮ್ಮ ಟಿಕೆಟಿನಲ್ಲೂ ಅದು ಸಣ್ಣಕ್ಷರದಲ್ಲಿ ಇದ್ದೇ ಇತ್ತು, ನಾನು ನೋಡಿರಲಿಲ್ಲ.

ಮರಳಿದ ವಾರ ಹಾಳೆಯನ್ನು ಮಾಲೀಕರ ಮುಂದಿಟ್ಟು ನನ್ನ ಡೈರಿಯ ಎಂಟು ತಾಸನ್ನು ಓದಿ ಹೇಳಿದೆ. ಅವರು ವಾದ ಮಾಡಲಿಲ್ಲ. ಯೋಜನೆಗೆಂದು ತೆಗೆದುಕೊಂಡ ಮೂರು ಸಾವಿರ ರೂಪಾಯಿಯಲ್ಲಿ ಅರ್ಧ ಮರಳಿಸಿದರು. ಮೊನ್ನೆ ಪಕ್ಕದ ಶೆಡ್ಡಿನವರು ಮ್ಯೂನಿಕ್‌ಗೆ ಹೋಗಲು ಅಲ್ಲಿಂದಲೇ ಹಾಳೆ ತಂದಿದ್ದರು. ನಿಲ್ದಾಣದ ಹೆಸರಿಗೆ ಹೊಸ ಅಂಕಣ ಬಂದಿದೆ, “ಮೈಲು” ಹೋಗಿದೆ. ಅವಧಿಯನ್ನು 800ರಿಂದ ಭಾಗಿಸಿ 30 ಕೂಡಿಸಿ ನೋಡಿದೆ, ಇನ್ನೂ ಅದೇ ಬಂತು.